ಕೆಂಪು ಗುಲಾಬಿ ಬಿಳಿ ಗುಲಾಬಿ ಅಂತ ಎರಡು ಪಾರ್ಟಿ ಮಾಡ್ಬೇಡಿ

ಪ್ರಶ್ನೆ: ಸರ್ ನಮಸ್ಕಾರ. ನಮ್ಮದು ಸಾಗರದ ಹತ್ರ. ನಮ್ಮ ಭಾವ ಇಂಗ್ಲೆಂಡಿಂದ ಬರೋವಾಗ ಪೆರಿ ಮಿನಿಯೇಚರ್ಸ್ ಅವರ ವಾರ್ಸ್ ಆಫ್ ದಿ ರೋಸಸ್ ಇನ್‌ಫಂಟ್ರಿ ಅಂತ ಒಂದು ಬಾಕ್ಸ್ ತಂದುಕೊಟ್ರು, 28 ಎಂಎಂ ಪ್ಲಾಸ್ಟಿಕ್ ಸೈನಿಕರು, 40 ಜನ ಇದಾರೆ. ಅರ್ಧ ಜನಕ್ಕೆ ಕೆಂಪು ಕೋಟು ಅರ್ಧ ಜನಕ್ಕೆ ಬಿಳಿ ಕೋಟು ಹೊಡೆದು ಎರಡು ಸೈನ್ಯ ಮಾಡೋಣ ಅಂತಿದೀನಿ, ಸರೀನಾ? ಇದನ್ನ ಮುಂದುವರಿಸಬೇಕು ಅಂದ್ರೆ ಏನೇನು ತಗೋಬೇಕು? ನಮ್ಮ ಕಡೆ ಮಳೆಗೆ ಇವು ಹಾಳಾಗಲ್ವಾ? ಅಮ್ಮ ಬೇರೆ ನವರಾತ್ರೀಲಿ ಗೊಂಬೆ ಜೊತೆ ಇವನ್ನೂ ಕೂರಿಸ್ತೀನಿ ಅಂತಿದಾರೆ.

ಉತ್ತರ: ನಮಸ್ಕಾರ. ಬ್ರಶ್ ಇನ್ನೂ ಅದ್ದಿಲ್ಲ ತಾನೇ? ಹಾಗಿದ್ರೆ ಬಚಾವ್. ಅರ್ಧ ಕೆಂಪು ಅರ್ಧ ಬಿಳಿ ಮಾತ್ರ ಮಾಡ್ಬೇಡಿ, ನಾನು ಮೊದಲನೇ ಬಾಕ್ಸಿಗೆ ಅದನ್ನೇ ಮಾಡಿ ಆಮೇಲೆ ಒಂದು ವಾರ ಕೂತು ಬಣ್ಣ ಕೆರೆದಿದೀನಿ.

ವಿಷ್ಯ ಏನಂದ್ರೆ, ವಾರ್ಸ್ ಆಫ್ ದಿ ರೋಸಸ್, ಅಂದ್ರೆ ಗುಲಾಬಿ ಯುದ್ಧ, ಇಂಗ್ಲೆಂಡಿನ ಪಟ್ಟಕ್ಕೆ ಯಾರ್ಕ್ ಮತ್ತು ಲ್ಯಾಂಕಾಸ್ಟರ್ ಅನ್ನೋ ಎರಡು ಮನೆತನದ ಜಗಳ. ಅದು ನಡೀತಿದ್ದ ಕಾಲದಲ್ಲಿ, ಅಂದ್ರೆ 1455ರ ಸೇಂಟ್ ಆಲ್ಬನ್ಸ್‌ನಿಂದ 1487ರ ಸ್ಟೋಕ್ ತನಕ, ಯಾರೂ ಕೆಂಪು ಗುಲಾಬಿ ಪಾರ್ಟಿ ಬಿಳಿ ಗುಲಾಬಿ ಪಾರ್ಟಿ ಅಂತ ಬಟ್ಟೆ ಹಾಕ್ಕೊಂಡು ಬರ್ಲಿಲ್ಲ. ಬಿಳಿ ಗುಲಾಬಿ ಯಾರ್ಕ್ ಮನೆತನದ ಹಲವಾರು ಗುರುತುಗಳಲ್ಲಿ ಒಂದು, ಅಷ್ಟೆ. ಕೆಂಪು ಗುಲಾಬಿ ಜೋರಾಗಿ ಓಡಿದ್ದು ಲ್ಯಾಂಕಾಸ್ಟರ್ ಕಡೆಯ ಹೆನ್ರಿ ಟ್ಯೂಡರ್ 1485ರಲ್ಲಿ ಬಾಸ್ವರ್ತ್ ಗೆದ್ದು ಎರಡೂ ಗುಲಾಬಿ ಸೇರಿಸಿ ಒಂದು ಮಾಡಿದ್ಮೇಲೆ. ಇನ್ನು ಗುಲಾಬಿ ಯುದ್ಧ ಅನ್ನೋ ಹೆಸರು ಜನರ ಬಾಯಿಗೆ ಬಿದ್ದಿದ್ದು 19ನೇ ಶತಮಾನದಲ್ಲಿ. ಹಂಗಾಗಿ ನಿಮ್ಮ ಮೇಜಿನ ಮೇಲೆ ಕೆಂಪು ಕೋಟು ವರ್ಸಸ್ ಬಿಳಿ ಕೋಟು ಅಂತ ನಿಲ್ಸಿದ್ರೆ ಅದು ಕಬಡ್ಡಿ ಮ್ಯಾಚ್ ಥರ ಕಾಣತ್ತೆ.

ನಮ್ಮ ಪಾಳೇಗಾರರ ಕಾಲ ನೆನಸಿಕೊಳ್ಳಿ, ಅರ್ಥ ಆಗತ್ತೆ. ಒಬ್ಬೊಬ್ಬ ಪಾಳೇಗಾರನಿಗೂ ಅವನದೇ ಜನ, ಅವರು ಉಣ್ಣೋದು ಅವನ ಅನ್ನ, ಅವನು ಯಾರ ಕಡೆ ಹೋದ್ರೆ ಇವರೂ ಆ ಕಡೆ. ಇಂಗ್ಲೆಂಡಲ್ಲೂ ಸುಮಾರಾಗಿ ಹಂಗೇ, ದೊಡ್ಡ ದೊಡ್ಡ ಲಾರ್ಡ್‌ಗಳು ತಮ್ಮ ಜನಕ್ಕೆ ತಮ್ಮ ಮನೆತನದ ಬಣ್ಣದ ಕೋಟು ಕೊಡ್ತಿದ್ರು, ಅದಕ್ಕೆ ಲಿವರಿ ಅಂತಾರೆ, ಎದೆ ಬೆನ್ನು ಎರಡೂ ಕಡೆ ಬ್ಯಾಡ್ಜ್. 1458ರಲ್ಲಿ ವಾರ್ವಿಕ್‌ನ ಅರ್ಲ್, ಅಂಥ ದೊಡ್ಡ ಲಾರ್ಡ್‌ಗಳಲ್ಲಿ ಒಬ್ಬ, ಲಂಡನ್ನಿಗೆ ಬಂದಾಗ ಹಿಂದೆ 600 ಜನ ಕೆಂಪು ಜಾಕೆಟ್ಟಿನವರು, ಮುಂದೆ ಹಿಂದೆ ಬಿಳೀ ಕೋಲಿನ ಕಸೂತಿ, ಕೊಂಬೆ ಸವರಿದ ಗಂಟುಗಂಟು ಕೋಲು. ಈಗ ಮಜಾ ನೋಡಿ: ಇದೇ ಕೆಂಪು ಜಾಕೆಟ್ಟಿನವರು 1461ರಲ್ಲಿ ಯಾರ್ಕ್ ಮನೆತನದ ರಾಜ ನಾಲ್ಕನೇ ಎಡ್ವರ್ಡ್‌ನ ಪರವಾಗಿ ಹೊಡೆದಾಡಿದ್ರು, 1471ರಲ್ಲಿ ವಾರ್ವಿಕ್ ಜೊತೆ ಅದೇ ಎಡ್ವರ್ಡ್ ಎದುರಿಗೆ ನಿಂತ್ರು. ಕೋಟು ಬದಲಾಗ್ಲಿಲ್ಲ, ಪಾರ್ಟಿ ಬದಲಾಯ್ತು. ಅಂದ್ರೆ ನೀವು ವಾರ್ವಿಕ್‌ನ 20 ಜನರನ್ನ ಒಂದು ಸಲ ಪೇಂಟ್ ಮಾಡಿದ್ರೆ ಯಾರ ಕಡೆ ಬೇಕಾದ್ರೂ ನಿಲ್ಲಿಸಬಹುದು, ದುಡ್ಡಿನ ದೃಷ್ಟಿಯಿಂದಲೂ ಇದು ಲಾಭವೇ.

ಹಾಗಾದ್ರೆ ಯುದ್ಧದಲ್ಲಿ ನಮ್ಮವರು ಯಾರು ಅಂತ ಹೆಂಗೆ ಗೊತ್ತಾಗ್ತಿತ್ತು ಅಂತ ಕೇಳ್ತೀರಿ. ಎಷ್ಟೋ ಸಲ ಗೊತ್ತಾಗ್ತಾನೇ ಇರ್ಲಿಲ್ಲ! 1461ರ ಫೆಬ್ರವರೀಲಿ ಸೇಂಟ್ ಆಲ್ಬನ್ಸ್‌ನ ಎರಡನೇ ಕದನಕ್ಕೆ ಬಂದ ಲ್ಯಾಂಕಾಸ್ಟರ್ ಕಡೆಯ ರಾಣಿ ಮಾರ್ಗರೆಟ್ ಸೈನ್ಯದಲ್ಲಿ ಎಲ್ಲರೂ ಅವರವರ ಲಾರ್ಡ್‌ನ ಬಟ್ಟೆ ಹಾಕಿದ್ದಲ್ದೆ ಅದರ ಮೇಲೆ ಅವಳ ಮಗ ರಾಜಕುಮಾರನ ಪಟ್ಟಿ, ಕಡುಗೆಂಪು ಕಪ್ಪು ಬಣ್ಣದ್ದು, ಆಸ್ಟ್ರಿಚ್ ಗರಿ ಗುರುತಿಂದು, ಅಡ್ಡ ಹಾಕ್ಕೊಂಡಿದ್ರು ಅಂತ ಆ ಕಾಲದ ಲಂಡನ್ ಕ್ರಾನಿಕಲ್ ಒಂದ್ರಲ್ಲಿದೆ. ಹತ್ತು ಲಾರ್ಡ್‌ಗಳ ಹತ್ತು ಬಣ್ಣ ಒಂದೇ ಕಡೆ ಸೇರಿದಾಗ ಮೇಲೊಂದು ಕಾಮನ್ ಗುರುತು ಬೇಕೇ ಬೇಕಲ್ಲ. ಆದ್ರೆ 1471ರ ಏಪ್ರಿಲ್ 14, ಈಸ್ಟರ್ ಭಾನುವಾರ, ಬಾರ್ನೆಟ್‌ನಲ್ಲಿ ಏನಾಯ್ತು ಅಂದ್ರೆ ಬೆಳಗಿನ ಜಾವ ದಟ್ಟ ಮಂಜು, ವಾರ್ವಿಕ್ ಕಡೆಯ ಆಕ್ಸ್‌ಫರ್ಡ್‌ನ ಅರ್ಲ್ ತನ್ನ ಎದುರಿಗಿದ್ದವರನ್ನ ಓಡಿಸಿ, ಅವನ ಜನ ಊರೊಳಗೆ ಲೂಟಿಗೆ ಬಿದ್ದು, ಅವರನ್ನ ಮತ್ತೆ ಒಟ್ಟು ಮಾಡ್ಕೊಂಡು ಕದನದ ಜಾಗಕ್ಕೆ ವಾಪಸ್ ಬಂದ. ಅವನ ಜನರ ಬ್ಯಾಡ್ಜ್ ಕಿರಣ ಬಿಡೋ ನಕ್ಷತ್ರ. ರಾಜ ಎಡ್ವರ್ಡ್‌ದು ಕಿರಣ ಬಿಡೋ ಸೂರ್ಯ. ಮಂಜಲ್ಲಿ ಯಾವನಿಗೆ ಗೊತ್ತಾಗತ್ತೆ, ವಾರ್ವಿಕ್ ಜನ ಇವರ ಮೇಲೇ ಬಾಣ ಬಿಟ್ರು, ಇವರು ಮೋಸ ಮೋಸ ಅಂತ ಕೂಗ್ತಾ ಜಾಗ ಖಾಲಿ ಮಾಡಿದ್ರು, ಅವತ್ತೇ ವಾರ್ವಿಕ್ ಸತ್ತ. ಒಂದು ಬೆರಳುಗುರಿನಷ್ಟು ಬ್ಯಾಡ್ಜ್ ನೀವು ಗೊಂಬೆಯ ಎದೆ ಮೇಲೆ ಬರೀತೀರಲ್ಲ, ಅದರ ಬೆಲೆ ಇಷ್ಟು.

ಅದಕ್ಕೇ ನನ್ನ ಸಲಹೆ ಒಂದೇ: ಸೈನ್ಯ ಕಲೆಕ್ಟ್ ಮಾಡ್ಬೇಡಿ, ಒಬ್ಬ ಲಾರ್ಡ್‌ನ ಮನೆ ಜನವನ್ನ ಕಲೆಕ್ಟ್ ಮಾಡಿ. ಆ ಒಂದು ತಂಡ ಮುಗಿದ ಮೇಲೆ ಇನ್ನೊಬ್ಬ.

ನಿಮ್ಮ 40ರಲ್ಲಿ 20 ವಾರ್ವಿಕ್‌ಗೆ ಕೊಡಿ. ಮೊದಲಿಗೆ ವಾರ್ವಿಕ್ ಯಾಕೆ ಅಂದ್ರೆ ಇಡೀ ಕೋಟು ಒಂದೇ ಬಣ್ಣ, ತಪ್ಪಾಗೋದು ಕಡಿಮೆ. ಕೆಂಪು ಅಂದ ತಕ್ಷಣ ಪೋಸ್ಟ್ ಡಬ್ಬಿ ಕೆಂಪು ತಗೋಬೇಡಿ. ಆ ಕಾಲದಲ್ಲಿ ಅಗ್ಗದ ಕೆಂಪು ಬರ್ತಿದ್ದಿದ್ದು ಮ್ಯಾಡರ್ ಅನ್ನೋ ಗಿಡದ ಬೇರಿಂದ, ನಮ್ಮ ಮಂಜಿಷ್ಠದ ದಾಯಾದಿ ಅದು, ಆ ಕೆಂಪು ಸ್ವಲ್ಪ ಹೆಂಚಿನ ಕಡೆ ವಾಲತ್ತೆ. ಹೆಂಚಿನ ಕೆಂಪು ಹೊಡೀರಿ, ಒಣಗಿದ ಮೇಲೆ ತೆಳು ಮಾಡಿದ ಕಂದು ಬಣ್ಣ ನೆರಿಗೆಗೆ ಇಳಿಬಿಡಿ, ಆಮೇಲೆ ನೆರಿಗೆಯ ಏಣಿನ ಮೇಲೆ ಅದೇ ಕೆಂಪಿಗೆ ಒಂದ್ಚೂರು ಕಿತ್ತಳೆ ಸೇರಿಸಿ ಎಳೀರಿ. ನಾಲ್ಕೈದು ಜನರ ಕೋಟು ಸ್ವಲ್ಪ ಮಾಸಿದ ಹಾಗಿರ್ಲಿ, ಎಲ್ಲಾ ಒಂದೇ ದಿನ ಹೊಲಿಸಿದ್ದಲ್ವಲ್ಲ. ಈಗ ಕೋಲು. ನೇರ ಬಿಳಿ ಬೇಡ, ಮೊದಲು ತಿಳಿ ಬೂದು ಬಣ್ಣದಲ್ಲಿ ಎದೆ ಮೇಲೆ ಓರೆಯಾಗಿ ಒಂದು ಗೆರೆ, ಅದರ ಎರಡೂ ಪಕ್ಕ ಕಡ್ಡಿ ಮುರಿದ ಹಾಗೆ ಮೂರು ಮೂರು ಚುಕ್ಕಿ, ಇದರ ನಡುವೆ ಬಿಳಿ, ಆಮೇಲೆ ಅಂಚು ಎಲ್ಲಿ ಉಬ್ಬಿದೆಯೋ ಅಲ್ಲಿ ಮತ್ತೆ ಕೆಂಪು ತಂದು ತಿದ್ದಿಬಿಡಿ. ಕೈ ನಡುಗತ್ತೆ ಅಂತ ಹೆದರ್ಬೇಡಿ, ಗಂಟುಗಂಟು ಕೋಲೇ ಆದ್ರಿಂದ ನಡುಗಿದ್ರೂ ನಡಿಯತ್ತೆ. ಬೆನ್ನ ಮೇಲೆ ಮರೀಬೇಡಿ, ಮೇಜಿನ ಮೇಲೆ ಇಟ್ಟಾಗ ನಮಗೆ ಜಾಸ್ತಿ ಕಾಣೋದು ಬೆನ್ನೇ.

ಉಳಿದ 20 ರಾಜನ ಮನೆಯವರು ಆಗ್ಲಿ. ಯಾರ್ಕ್ ಬಣ್ಣ ಮರ್ರಿ ಮತ್ತು ನೀಲಿ. ಮರ್ರಿ ಅಂದ್ರೆ ಯಾವ ಬಣ್ಣ ಅಂತ ತುಂಬ ಜನ ತಲೆ ಕೆಡಿಸ್ಕೋತಾರೆ, ಹಣ್ಣಾದ ಹಿಪ್ಪುನೇರಳೆ ಹಿಂಡಿದ್ರೆ ಬರೋ ಬಣ್ಣ, ಹೆಸರು ಬಂದಿದ್ದೇ ಆ ಹಣ್ಣಿಂದ. ಕೋಟು ಉದ್ದಕ್ಕೆ ಎರಡು ಭಾಗ, ಒಂದು ಪಕ್ಕ ಮರ್ರಿ ಒಂದು ಪಕ್ಕ ನೀಲಿ. ಯಾವ ಭುಜಕ್ಕೆ ಯಾವುದು ಅಂತ ಒಂದು ಸಲ ತೀರ್ಮಾನ ಮಾಡಿ ಚೀಟಿ ಬರೆದು ಗೋಡೆಗೆ ಅಂಟಿಸ್ಕೊಳ್ಳಿ, ಇಲ್ಲಾಂದ್ರೆ ಬೆನ್ನಿಗೆ ತಿರುಗಿಸಿದಾಗ ಉಲ್ಟಾ ಹೊಡೆದಿರ್ತೀರಿ, ಗ್ಯಾರಂಟಿ. ನಾಲ್ಕನೇ ಎಡ್ವರ್ಡ್ ಆದ್ರೆ ಬ್ಯಾಡ್ಜ್ ಸೂರ್ಯ ಅಥವಾ ಕಿರಣದ ನಡುವೆ ಬಿಳಿ ಗುಲಾಬಿ, ಬಾಸ್ವರ್ತ್‌ನಲ್ಲಿ ಸೋತ ಅವನ ತಮ್ಮ ಮೂರನೇ ರಿಚರ್ಡ್ ಆದ್ರೆ ಬಿಳಿ ಹಂದಿ. ಈ ರಿಚರ್ಡ್ 1483ರಲ್ಲಿ ಮಗನಿಗೆ ಪ್ರಿನ್ಸ್ ಆಫ್ ವೇಲ್ಸ್ ಪಟ್ಟ ಕಟ್ಟೋ ಕಾರ್ಯಕ್ರಮಕ್ಕೆ ಬಟ್ಟೆ ಮೇಲೆ ಹಂದಿ ಬ್ಯಾಡ್ಜ್ 13,000 ಆರ್ಡರ್ ಮಾಡಿದ್ದ, ಈಗಿನ ಎಲೆಕ್ಷನ್ ಶಾಲು ಟೋಪಿ ಲೆಕ್ಕದಲ್ಲಿ. ಇನ್ನೊಂದು ಹಂದಿ, ಬೆಳ್ಳಿಯದ್ದು, ಚಿನ್ನದ ನೀರು ಹಾಕಿದ್ದು, ಪುಟಾಣಿ, ಬಾಸ್ವರ್ತ್ ಯುದ್ಧಭೂಮಿಯ ಸರ್ವೇಲಿ ಸಿಕ್ತು. ಅದೇ ಸರ್ವೇಲಿ ಮೂವತ್ತಕ್ಕೂ ಜಾಸ್ತಿ ಸೀಸದ ಗುಂಡು ಸಿಕ್ಕಿ, ಯುದ್ಧ ಆಗಿದ್ದು ಎಲ್ಲರೂ ಅಂದ್ಕೊಂಡಿದ್ದ ಗುಡ್ಡದ ಮೇಲಲ್ಲ, ಮೂರು ಕಿಲೋಮೀಟರ್ ಆಚೆ ಅಂತ ಆಯ್ತು. ಅಂದ್ರೆ ನಿಮ್ಮ ಬಾಸ್ವರ್ತ್ ಸೆಟ್ಟಿಗೆ ಒಂದೆರಡು ಫಿರಂಗಿ ಇಟ್ರೆ ಯಾರೂ ತಪ್ಪು ಹೇಳಂಗಿಲ್ಲ.

ಕೋಟಿನೊಳಗೆ ಏನು ಹಾಕಿದಾನೆ ಅನ್ನೋದು ಇನ್ನೊಂದು. ಬಾಕ್ಸಲ್ಲಿ ದಪ್ಪ ಹೊಲಿಗೆ ಗೆರೆ ಇರೋ ಅಂಗಿ ಕಾಣತ್ತಲ್ಲ, ಅದು ಜ್ಯಾಕ್, ನಮ್ಮ ಕೌದಿ ಥರ ಪದರ ಪದರ ಬಟ್ಟೆ ಸೇರಿಸಿ ಹೊಲಿದಿದ್ದು. 1483ರಲ್ಲಿ ಲಂಡನ್ನಲ್ಲಿದ್ದ ಮ್ಯಾಂಚಿನಿ ಅನ್ನೋ ಇಟಲಿಯವನು ಬರೆದಿಟ್ಟಿದಾನೆ, ಸಾಮಾನ್ಯ ಸೈನಿಕರು ಎದೆಗೆ ಕಬ್ಬಿಣ ಹಾಕಲ್ಲ, ನಾರು ಗೀರು ತುಂಬಿದ ಮೆತ್ತನೆ ಅಂಗಿ ಹಾಕ್ತಾರೆ, ಎಷ್ಟು ಮೆತ್ತಗಿದ್ರೆ ಅಷ್ಟು ಚೆನ್ನಾಗಿ ಬಾಣ ಕತ್ತಿ ತಡೆಯತ್ತೆ ಅಂತಾರೆ ಅಂತ. ಇದನ್ನ ಅಚ್ಚ ಬಿಳಿ ಹೊಡೀಬೇಡಿ, ಕೋರಾ ಬಟ್ಟೆ ಬಣ್ಣ, ಹೊಲಿಗೆ ಗೆರೆಗೆ ಟೀ ಡಿಕಾಕ್ಷನ್ ಬಣ್ಣದ ವಾಶ್, ಅಂದ್ರೆ ತೆಳು ಮಾಡಿದ ಬಣ್ಣ.

ಬಿಲ್ಲಿನ ವಿಷಯ ಹೇಳ್ಲೇಬೇಕು, ಯಾಕಂದ್ರೆ ಇಲ್ಲಿ ಹತ್ತಕ್ಕೆ ಒಂಬತ್ತು ಜನ ಬರೀ ಕಂದು ಹೊಡೆದು ಮುಗಿಸ್ತಾರೆ. ಅದು ಯೂ ಮರ. ಹೊರಗಡೆ ಎಳೇ ಪದರ ಕೆನೆ ಬಣ್ಣ, ಒಳಗಡೆ ಚೇಗು ಜೇನಿನ ಬಣ್ಣದಿಂದ ಕೆಂಗಂದು. ಬಿಲ್ಲು ಹಿಡಿದಾಗ ಶತ್ರು ಕಡೆ ಇರೋ ಮುಖ ಕೆನೆ, ಬಿಲ್ಲುಗಾರನ ಕಡೆ ಇರೋ ಮುಖ ಕೆಂಗಂದು. ಎರಡೇ ಗೆರೆ, ಆದ್ರೆ ಗೊತ್ತಿದ್ದವರು ನೋಡಿದ ತಕ್ಷಣ ಇವನು ಓದಿದಾನೆ ಅಂತಾರೆ. ಮತ್ತೆ ಬಿಲ್ಲು ಬೇರೆ ಬಿಲ್ ಬೇರೆ, ಕನ್ನಡದಲ್ಲಿ ಹೇಳೋವಾಗ ಗೊಂದಲ ಆಗತ್ತೆ. ಬಾಕ್ಸಲ್ಲಿ ಉದ್ದ ಕೋಲಿನ ತುದೀಲಿ ಕೊಕ್ಕೆ ಕತ್ತಿ ಇರೋದಿದೆಯಲ್ಲ ಅದು ಬಿಲ್, ಬೇಲಿ ಸವರೋ ಕತ್ತಿಯಿಂದ ಹುಟ್ಟಿದ್ದು. ನಿಮ್ಮ ಕಡೆ ಅಡಿಕೆ ಕೊಯ್ಯೋ ದೋಟಿ ಕಲ್ಪನೆ ಮಾಡ್ಕೊಳ್ಳಿ, ಅದಕ್ಕೆ ಮಚ್ಚುಗತ್ತಿ ಕಟ್ಟಿ ತುದಿಗೊಂದು ಭರ್ಜಿ ಮೊನೆ ಸೇರಿಸಿದ್ರೆ ಹೆಚ್ಚುಕಡಿಮೆ ಅದೇ.

ಈಗ ಮುಂದಿನ ಖರೀದಿ. ಇಲ್ಲಿ ನಾನು ತಿಂದ ಪೆಟ್ಟು ಹೇಳ್ತೀನಿ. ಲೆಸ್ಟರ್ ಹತ್ರ ಕೆಲಸಕ್ಕಿದ್ದಾಗ ಒಬ್ಬ ಸೆಕೆಂಡ್ ಹ್ಯಾಂಡ್ ಮಾರೋನ ಹತ್ರ ಇಂಗ್ಲಿಷ್ ಸಿವಿಲ್ ವಾರ್, ಮೆಟಲ್, ಒಂದು ಲಾಟ್ ಅಂತ ನೋಡಿ ಫೋಟೋನೂ ಸರಿಯಾಗಿ ನೋಡ್ದೆ ದುಡ್ಡು ಕಳಿಸ್ದೆ. ಬಂದಿದ್ದು ಅಗಲ ಟೋಪಿ ಗರಿ, ಮಸ್ಕೆಟ್ ಬಂದೂಕು, ಉದ್ದ ಬೂಟು! ಅಲ್ಲಿ ಅಂಗಡಿ ಭಾಷೇಲಿ ಇಂಗ್ಲಿಷ್ ಸಿವಿಲ್ ವಾರ್ ಅಂದ್ರೆ 1642ರಿಂದ ಶುರುವಾದ ರಾಜ ಚಾರ್ಲ್ಸ್ ಮತ್ತು ಪಾರ್ಲಿಮೆಂಟ್ ಜಗಳ, ಕ್ರಾಮ್‌ವೆಲ್ ಕಾಲ. ಮಾರಿದವನದ್ದೇನೂ ತಪ್ಪಿಲ್ಲ, ನನ್ನ ತಪ್ಪೇ, ಆದ್ರೂ ವಾಪಸ್ ತಗೊಳ್ಳಿಲ್ಲ ಅಂತ ಇವತ್ತಿಗೂ ಸಿಟ್ಟಿದೆ. ಮಧ್ಯಕಾಲದ್ದು ಬೇಕು ಅಂದ್ರೂ ಒಂದೇ ಅಂತರ್ಯುದ್ಧ ಅಲ್ಲ. ಸ್ಟೀಫನ್ ಮತ್ತು ಮಟಿಲ್ಡಾ ಜಗಳ 12ನೇ ಶತಮಾನದ್ದು, ಗಾಳಿಪಟದ ಆಕಾರದ ಗುರಾಣಿ, ಮೂಗುಪಟ್ಟಿ ಇರೋ ಶಿರಸ್ತ್ರಾಣ. ಸೈಮನ್ ಡಿ ಮಾಂಟ್‌ಫರ್ಟ್ ಕಾಲದ ಬ್ಯಾರನ್ಸ್ ವಾರ್, 1264ರ ಲ್ಯೂಸ್, 1265ರ ಈವ್ಶಮ್, ಅಲ್ಲಿ ಎಲ್ಲಾ ಬಳೆ ಬಳೆ ಜೋಡಿಸಿದ, ಮೇಲ್ ಅನ್ನೋ ಕವಚ. ಇವನ್ನ ನಿಮ್ಮ ತಂಡದಲ್ಲಿ ಬೆರೆಸಂಗಿಲ್ಲ. ಜಾಸ್ತಿ ಮೋಸ ಮಾಡೋದು ಆಜಿನ್‌ಕೋರ್ಟ್ ಅಂತ ಬರೋ ಬಾಕ್ಸ್, 1415ರ ಕದನದ್ದು, ದೂರದಿಂದ ನೋಡಿದ್ರೆ ಒಂದೇ ಥರ ಬಿಲ್ಲುಗಾರರು, ಆದ್ರೆ ಹೆಲ್ಮೆಟ್ ನೋಡಿ. ನಿಮ್ಮ ಕಾಲದ್ದು ಸ್ಯಾಲೆಟ್, ಹಿಂದೆ ಕತ್ತಿನ ಮೇಲೆ ಬಾಲದ ಹಾಗೆ ಚಾಚಿರತ್ತೆ. ಬಾಕ್ಸ್ ಮೇಲೆ 1450ರಿಂದ 1500 ಅಂತ ಇದ್ರೆ ಕಣ್ಮುಚ್ಕೊಂಡು ತಗೊಳ್ಳಿ.

ಎರಡನೇದಾಗಿ ಪೆರಿಯವರದ್ದೇ ಫುಟ್ ನೈಟ್ಸ್ ಬಾಕ್ಸ್ ತಗೊಳ್ಳಿ, ಪೂರ್ತಿ ಉಕ್ಕಿನ ಕವಚದವರು. ಕುದುರೆ ನೈಟ್ಸ್ ನೋಡೋಕೆ ಭಾರೀ ಚಂದ, ಎಲ್ರೂ ಮೊದಲು ಅದಕ್ಕೇ ಕೈ ಹಾಕ್ತಾರೆ, ಆದ್ರೆ ಈ ಯುದ್ಧಗಳಲ್ಲಿ ಲಾರ್ಡ್‌ಗಳೂ ಸಾಮಾನ್ಯವಾಗಿ ಕುದುರೆ ಇಳಿದು ತಮ್ಮ ಬಾವುಟದ ಕೆಳಗೆ ನಿಂತೇ ಹೊಡೆದಾಡ್ತಿದ್ದಿದ್ದು. ಬಾಸ್ವರ್ತ್‌ನಲ್ಲಿ ರಿಚರ್ಡ್ ಕೊನೇ ಸಲ ನುಗ್ಗಿದ್ದು ಬೇಕು ಅಂದ್ರೆ ಮಾತ್ರ ಕುದುರೆ ತಗೊಳ್ಳಿ. ಬಿಲ್ಲುಗಾರರು ಯಾವತ್ತೂ ಜಾಸ್ತಿ ಇರ್ಲಿ: 1475ರಲ್ಲಿ ಎಡ್ವರ್ಡ್ ಫ್ರಾನ್ಸಿಗೆ ಕರ್ಕೊಂಡು ಹೋದ ಸೈನ್ಯದಲ್ಲಿ ಕವಚಧಾರಿಗಳು ಸುಮಾರು 1,200, ಬಿಲ್ಲುಗಾರರು ಹತ್ತು ಸಾವಿರದ ಮೇಲೆ. ಅದು ಹೊರದೇಶದ ದಂಡಯಾತ್ರೆ, ಒಳಜಗಳದಲ್ಲಿ ಊರೂರಿನ ಬಿಲ್ ಹಿಡಿದವರೂ ಸೇರ್ಕೋತಾರೆ, ಆದ್ರೂ ಲೆಕ್ಕ ಯಾವ ಕಡೆ ವಾಲತ್ತೆ ಅಂತ ಗೊತ್ತಾಗ್ಲಿ ಅಂತ ಹೇಳ್ದೆ. ನಾನು 24ರ ಒಂದು ತಂಡಕ್ಕೆ ಒಬ್ಬ ಲಾರ್ಡ್, ಒಬ್ಬ ಬಾವುಟದವನು, ನಾಲ್ಕು ಕವಚದವರು, ಆರು ಬಿಲ್, ಹನ್ನೆರಡು ಬಿಲ್ಲು ಇಡ್ತೀನಿ. ಲಿವರಿನೇ ಇಲ್ಲದ ಊರ ಜನರ ತಂಡವೊಂದು ಮಾಡಿ ನೋಡಿ ಬೇಕಾದ್ರೆ, ಮಜವಾಗಿರತ್ತೆ. 1457ರಲ್ಲಿ ಡಾರ್ಸೆಟ್‌ನ ಬ್ರಿಡ್‌ಪೋರ್ಟ್ ಅನ್ನೋ ಊರಲ್ಲಿ ಯಾರ ಮನೇಲಿ ಏನು ಆಯುಧ ಇದೆ ಅಂತ ಬರೆದ ಪಟ್ಟಿ ಉಳಿದಿದೆ, ಒಬ್ಬನ ಹತ್ರ ಬಿಲ್ಲು ಇದ್ರೆ ಜ್ಯಾಕ್ ಇಲ್ಲ, ಇನ್ನೊಬ್ಬನ ಹತ್ರ ಹೆಲ್ಮೆಟ್ ಇದ್ರೆ ಬಾಣ ಸಾಲದು. ಬಾಕ್ಸಲ್ಲಿ ಉಳಿಯೋ ತಲೆ ಕೈಗಳೆಲ್ಲ ಅಲ್ಲಿ ಖರ್ಚಾಗತ್ತೆ.

ಪೆರಿಯವರದ್ದೇ ಯಾಕೆ ಅಂತ ಕೇಳಿದ್ರೆ, ಅಲನ್ ಮತ್ತು ಮೈಕಲ್ ಅಂತ ಅವಳಿ ಅಣ್ಣತಮ್ಮ, ನಾಟಿಂಗ್‌ಹ್ಯಾಮ್‌ನವರು, ಆ ಊರಿನ ಸುತ್ತಮುತ್ತ ಇಂಥ ಗೊಂಬೆ ಕಂಪನಿ ಎಷ್ಟಿವೆ ಅಂದ್ರೆ ಲೆಡ್ ಬೆಲ್ಟ್, ಸೀಸದ ಸೀಮೆ, ಅಂತ ಅಡ್ಡಹೆಸರೇ ಇದೆ. ಇವರು ಸ್ವತಃ ಆ ಕಾಲದ ಬಟ್ಟೆ ಕವಚ ಹಾಕ್ಕೊಂಡು ಮೈದಾನಕ್ಕೆ ಇಳಿಯೋರು, ಅದಕ್ಕೇ ಪಟ್ಟಿ ಎಲ್ಲಿ ಕಟ್ತಾರೆ ಗಂಟು ಎಲ್ಲಿ ಬರತ್ತೆ ಅನ್ನೋದು ಅವರ ಗೊಂಬೇಲಿ ತಪ್ಪಲ್ಲ. ಮೈಕಲ್ 1996ರಲ್ಲಿ ಫ್ರಾನ್ಸಿನ ಕ್ರೆಸೀಲಿ ಅಂಥದ್ದೇ ಒಂದು ಪ್ರದರ್ಶನದಲ್ಲಿ ಫಿರಂಗಿ ಅಪಘಾತ ಆಗಿ ಬಲಗೈ ಕಳ್ಕೊಂಡ್ರು, ಆಮೇಲೆ ಎಡಗೈಯಲ್ಲಿ ಮೂರ್ತಿ ಕೆತ್ತೋದು ಕಲಿತ್ರು. ಬೇರೆಯವರದ್ದೂ ಇದೆ, ಫ್ರಂಟ್ ರ‍್ಯಾಂಕ್‌ದು 28 ಎಂಎಂ ಮೆಟಲ್, ಸ್ವಲ್ಪ ಗುಂಡುಗುಂಡಗೆ ಇರ್ತಾರೆ, ಪೆರಿಯವರ ಪಕ್ಕ ನಿಲ್ಸಿದ್ರೆ ಮದುವೆ ಊಟ ಮಾಡ್ಕೊಂಡು ಬಂದವರ ಥರ, ಅವರನ್ನೇ ಬೇರೆ ತಂಡ ಮಾಡಿ. ಪೀಟರ್ ಪಿಗ್‌ದು 15 ಎಂಎಂ, ಅದನ್ನ 28ರ ಜೊತೆ ಯಾವ ಕಾರಣಕ್ಕೂ ಬೆರೆಸಂಗಿಲ್ಲ. ಇಂಡಿಯಾಗೆ ತರಿಸೋವಾಗ ಮೆಟಲ್ ತೂಕಕ್ಕೆ ಕೊರಿಯರ್, ಅದರ ಮೇಲೆ ಕಸ್ಟಮ್ಸ್, ಲೆಕ್ಕ ಹಾಕಿದ್ರೆ ಹೊಟ್ಟೆ ಉರಿಯತ್ತೆ, ಭಾವ ಮತ್ತೆ ಬರೋವಾಗ ಪ್ಲಾಸ್ಟಿಕ್ ಬಾಕ್ಸೇ ಹೇಳಿ.

ಮಳೆ ವಿಷ್ಯ. ಪ್ಲಾಸ್ಟಿಕ್ಕಿಗೆ ಏನೂ ಆಗಲ್ಲ. ಆಗೋದು ಅದರ ಸುತ್ತಮುತ್ತ ಇರೋದಕ್ಕೆ: ಬಾಕ್ಸಲ್ಲಿ ಬರೋ ಕಾಗದದ ಬಾವುಟ, ಗೊಂಬೆಯ ಕಾಲಡಿಯ ಬೇಸ್‌ಗೆ ಅಂಟಿಸೋ ಫೆವಿಕಾಲ್ ಮರಳು, ಜೂನ್ ಬಂದ್ರೆ ಬೂಷ್ಟು ಹಿಡಿಯತ್ತೆ. ಬಾವುಟದ ಎರಡೂ ಕಡೆ ಮ್ಯಾಟ್ ವಾರ್ನಿಷ್ ಬ್ರಶ್ಶಿಂದ ಹೊಡೀರಿ. ಸ್ಪ್ರೇ ವಾರ್ನಿಷ್ ಮಳೆಗಾಲದಲ್ಲಿ ಮುಟ್ಲೇಬೇಡಿ, ತೇವಕ್ಕೆ ಬಿಳೀ ಮಂಜು ಕೂತ್ಕೊಳತ್ತೆ, ಒಂದು ತಿಂಗಳ ಕೆಲ್ಸ ಒಂದು ನಿಮಿಷದಲ್ಲಿ ಹೋಗತ್ತೆ. ಭರ್ಜಿ ಕೋಲು ಬದಲಾಯಿಸ್ತೀರಾದ್ರೆ ಹಿತ್ತಾಳೆ ತಂತಿ ಹಾಕಿ, ಕಬ್ಬಿಣದ್ದು ತುಕ್ಕು ಹಿಡಿಯತ್ತೆ. ಮುಂದೆ ಯಾವತ್ತಾದ್ರೂ ಹಳೇ ಸೀಸದ ಗೊಂಬೆ ಸಿಕ್ಕಿದ್ರೆ ಅದನ್ನ ಮರದ ಬೀರುವಲ್ಲಿ ಮುಚ್ಚಿಡ್ಬೇಡಿ, ಓಕ್ ಮರ, ಎಂಡಿಎಫ್ ಹಲಗೆ ಇಂಥವುಗಳಿಂದ ಹೊರಡೋ ಆಮ್ಲದ ಆವಿಗೆ ಸೀಸ ಬಿಳೀ ಪುಡಿಯಾಗ್ತಾ ಹೋಗತ್ತೆ, ಗಾಜಿನ ಕಪಾಟು, ಸ್ವಲ್ಪ ಗಾಳಿ ಆಡ್ಲಿ. ಆ ಪುಡಿ ಮುಟ್ಟಿದ ಕೈ ತೊಳೀದೆ ಊಟಕ್ಕೆ ಕೂರ್ಬೇಡಿ, ಮಕ್ಕಳ ಕೈಗಂತೂ ಕೊಡ್ಲೇಬೇಡಿ.

ಬಣ್ಣ ಹಚ್ಚೋ ಮುಂಚೆ, ಬಿಡಿಭಾಗಗಳು ಅಂಟಿಕೊಂಡಿರೋ ಫ್ರೇಮ್ ಸಮೇತ ಪಾತ್ರೆ ತೊಳೆಯೋ ಸೋಪಿನ ನೀರಲ್ಲಿ ಒಂದು ಸಲ ಅದ್ದಿ ತೊಳೆದು ಒಣಗಿಸಿ, ಅಚ್ಚಿನ ಜಿಡ್ಡು ಇದ್ರೆ ಪ್ರೈಮರ್ ಹಿಡಿಯಲ್ಲ. 40 ಒಟ್ಟಿಗೆ ಶುರು ಮಾಡ್ಬೇಡಿ, ಆರು ಆರು.

ಅಮ್ಮ ಗೊಂಬೆ ಜೊತೆ ಕೂರಿಸ್ತೀನಿ ಅಂದ್ರೆ ಧಾರಾಳವಾಗಿ ಕೂರಿಸ್ಲಿ, ಪಟ್ಟದ ಗೊಂಬೆಯಿಂದ ದೂರ, ಕೆಳಗಿನ ಮೆಟ್ಟಿಲಲ್ಲಿ, ಪಾರ್ಕು ಸಂತೆ ಎಲ್ಲ ಮಾಡ್ತಾರಲ್ಲ ಅಲ್ಲಿ ಸರಿಹೋಗತ್ತೆ. ಒಬ್ಬೊಬ್ಬನನ್ನೇ ಇಡೋದು ಬೇಡ, ಆರಾರು ಜನರನ್ನ ಒಂದೊಂದು ಹಲಗೆ ಮೇಲೆ ಅಂಟಿಸಿಬಿಡಿ, ಎತ್ತೋವಾಗ ಹಲಗೆ ಹಿಡೀಲಿ. ಬಿಲ್ಲಿನ ತುದಿ ಕೂದಲೆಳೆಯಷ್ಟೇ ಇರೋದು, ನಮ್ಮನೇಲಿ ಒಂದು ಸಲ ಮಡಿ ಸೀರೆ ಸೆರಗಿಗೆ ಸಿಕ್ಕಿ ವಾರ್ವಿಕ್‌ನ ಮೂರು ಬಿಲ್ಲುಗಾರರು ನೆಲಕ್ಕೆ ಬಿದ್ದು, ಒಬ್ಬನ ಬಿಲ್ಲು ಇನ್ನೂ ಸಿಕ್ಕಿಲ್ಲ, ಅವನ ಕೈಗೆ ಈಗ ಬಿಲ್ ಕೊಟ್ಟಿದೀನಿ.